ಮ್ಯೂಗ್ಲೇರ್ ಕೊಲೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಗ್ಲೇರ್ ಕೊಲೋನ್ ಎಂದರೇನು? ಅದನ್ನು ಮಾಡಿದವರು ಯಾರು?

ಫ್ರಾನ್ಸಿನ ತಿಯೆರಿ ಮ್ಯೂಗ್ಲೇರ್ ಫ್ಯಾಷನ್ ಸಂಸ್ಥೆ 2001ರಲ್ಲಿ ಹೊರತಂದ ಪರಿಮಳ ಇದು. ಬಣ್ಣವಿಲ್ಲದ ಗಾಜಿನ ಬಾಟಲಿ, ಅದರೊಳಗೆ ಬಾಳೆಯ ಸುಳಿಯಂಥ ಎಳೆಹಸಿರು ದ್ರವ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಎಂದು ಬೇರೆ ಮಾಡದೆ ಇಬ್ಬರಿಗೂ ಒಂದೇ ಎಂದು ಮೊದಲ ದಿನದಿಂದಲೇ ಮಾರಾಟಕ್ಕೆ ಬಂತು.

ಬೆರೆಸಿದವರು ಆಲ್ಬೆರ್ತೊ ಮೊರಿಯಾಸ್. ಅವರು ಹುಟ್ಟಿದ್ದು ಸ್ಪೇನಿನ ಸೆವಿಲ್ ನಗರದಲ್ಲಿ. ಆ ಊರಿನ ಬೀದಿಗಳ ಇಕ್ಕೆಲದಲ್ಲೂ ಕಹಿ ಕಿತ್ತಳೆಯ ಮರಗಳಿವೆ. ವಸಂತದಲ್ಲಿ ಅವು ಹೂಬಿಟ್ಟಾಗ ಊರಿಗೆ ಊರೇ ಘಮಘಮಿಸುತ್ತದೆ. ಈ ಕೊಲೋನಿನ ಜೀವ ಅದೇ ಹೂವು. ಸಂಸ್ಥೆಗೆ ಹೆಸರು ಕೊಟ್ಟ ವಸ್ತ್ರವಿನ್ಯಾಸಕ ತಿಯೆರಿ ಮ್ಯೂಗ್ಲೇರ್ 1948ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದವರು, ಎಳೆಯ ವಯಸ್ಸಿನಲ್ಲಿ ಬ್ಯಾಲೆ ನರ್ತಕರಾಗಿದ್ದವರು, 2022ರಲ್ಲಿ ತೀರಿಕೊಂಡರು. ಚೂಪು ಭುಜ, ಬಿಗಿದ ಸೊಂಟ, ರಂಗಸ್ಥಳದ ಅಬ್ಬರ ಅವರ ಉಡುಪುಗಳ ಗುರುತು. 1992ರಲ್ಲಿ ಬಂದ ಅವರ ಮೊದಲ ಸುಗಂಧ ‘ಏಂಜಲ್’ ಕೂಡ ಹಾಗೆಯೇ: ಸಕ್ಕರೆ ಪಾಕ ಮತ್ತು ಪಚೋಲಿ ಎಂಬ ಸುಗಂಧದ ಎಲೆಯನ್ನು ಒಟ್ಟಿಗೆ ಕುದಿಸಿದಂಥ ಸಿಹಿ, ಕೋಣೆಯ ಆ ತುದಿಯವರಿಗೂ ಗೊತ್ತಾಗುವ ಪರಿಮಳ. ಅಂಥ ಮನೆಯಿಂದ ಒಂಬತ್ತು ವರ್ಷಗಳ ನಂತರ ಇಷ್ಟು ಮೆಲುದನಿಯ ಕೊಲೋನ್ ಬಂದದ್ದೇ ನನಗೆ ಇಂದಿಗೂ ಸೋಜಿಗ.

ಕೊಲೋನ್ ಎಂದರೆ ಗಂಡಸರ ಸೆಂಟು ಅಲ್ಲವೇ?

ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಗಂಡಸರು ಹಾಕಿಕೊಳ್ಳುವ ಯಾವ ಸುಗಂಧಕ್ಕಾದರೂ ಕೊಲೋನ್ ಎನ್ನುವ ರೂಢಿ ಬೆಳೆಯಿತು. ಸಿನಿಮಾ, ಜಾಹೀರಾತುಗಳ ಮೂಲಕ ಅದು ನಮ್ಮಲ್ಲಿಗೂ ಬಂತು. ಮೂಲದಲ್ಲಿ ಕೊಲೋನ್ ಎನ್ನುವುದು ಒಂದು ಬಗೆಯ ಪರಿಮಳದ ಹೆಸರು: ನಿಂಬೆ, ಬರ್ಗಮಾಟ್, ಕಿತ್ತಳೆ ಇವುಗಳ ಸಿಪ್ಪೆಯ ಎಣ್ಣೆ, ಕಿತ್ತಳೆ ಹೂವಿನ ಎಣ್ಣೆ, ಜೊತೆಗೆ ರೋಸ್‌ಮೇರಿ ಅಥವಾ ಲ್ಯಾವೆಂಡರ್‌ನಂಥ ಗಿಡಮೂಲಿಕೆ. ಇವನ್ನು ಹೆಚ್ಚಿನ ಆಲ್ಕೋಹಾಲಿನಲ್ಲಿ ಬೆರೆಸುತ್ತಾರೆ. ಸುಗಂಧ ತೈಲದ ಪ್ರಮಾಣ ಸಾಮಾನ್ಯವಾಗಿ ಶೇ 2ರಿಂದ 5.

ಇದನ್ನು ಹಾಕಿಕೊಂಡವರಲ್ಲಿ ಗಂಡು ಹೆಣ್ಣೆಂಬ ಭೇದ ಇರಲಿಲ್ಲ. ನೆಪೋಲಿಯನ್ ಕೊಲೋನನ್ನು ಮೈಮೇಲೆ ಧಾರಾಳವಾಗಿ ಸುರಿದುಕೊಳ್ಳುತ್ತಿದ್ದ. ಗೆರ್ಲಾಂ ಎಂಬ ಫ್ರೆಂಚ್ ಸುಗಂಧದ ಮನೆಯವರು 1853ರಲ್ಲಿ ತಮ್ಮ ‘ಇಂಪೀರಿಯಲ್’ ಕೊಲೋನನ್ನು ಮಾಡಿದ್ದು ಫ್ರಾನ್ಸಿನ ಮಹಾರಾಣಿ ಯೂಜೆನಿಗಾಗಿ. ಜೇನುಹುಳುಗಳ ಉಬ್ಬುಚಿತ್ತಾರವಿರುವ ಆ ಬಾಟಲಿ ಈಗಲೂ ಪ್ರಸಿದ್ಧ. ಹೀಗಿರುವಾಗ ಮ್ಯೂಗ್ಲೇರ್ ಮನೆಯವರು ಇದನ್ನು ಇಬ್ಬರಿಗೂ ಎಂದದ್ದು ಹೊಸ ಸಾಹಸವಲ್ಲ. ನಡುವೆ ಕಳೆದುಹೋಗಿದ್ದ ಹಳೆಯ ರೂಢಿಯನ್ನು ಮತ್ತೆ ಎತ್ತಿಕೊಂಡರು, ಅಷ್ಟೆ. ಇದೇ ಮೊರಿಯಾಸ್ 1994ರಲ್ಲಿ ಹ್ಯಾರಿ ಫ್ರೀಮಾಂಟ್ ಜೊತೆ ಸೇರಿ ಕ್ಯಾಲ್ವಿನ್ ಕ್ಲೈನ್ ಸಂಸ್ಥೆಗೆ ‘ಸಿಕೆ ಒನ್’ ಮಾಡಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಹಂಚಿಕೊಳ್ಳುವ ಪರಿಮಳ ಎಂಬ ಮಾತು ಮನೆಮನೆಗೆ ತಲುಪಿದ್ದು ಅದರಿಂದ.

ಕೊಲೋನ್ ಜರ್ಮನಿಯ ಊರು. ಮತ್ತೆ ಇದು ಫ್ರೆಂಚ್ ಪರಂಪರೆ ಹೇಗಾಯಿತು?

ಊರು ಜರ್ಮನಿಯದು, ಮಾಡಿದವನು ಇಟಲಿಯವನು, ಹೆಸರಿಟ್ಟ ಭಾಷೆ ಫ್ರೆಂಚ್. ಇಟಲಿಯಿಂದ ಬಂದು ಕೊಲೋನಿನಲ್ಲಿ ನೆಲೆಸಿದ ಯೋಹಾನ್ ಮರಿಯಾ ಫರೀನಾನ ಕುಟುಂಬದ ಅಂಗಡಿ 1709ರಲ್ಲಿ ಶುರುವಾಯಿತು. ಮಳೆ ನಿಂತ ಮೇಲಿನ ಇಟಲಿಯ ಬೆಳಗಿನಂಥ, ಕಿತ್ತಳೆ ಹೂವಿನಂಥ ಪರಿಮಳವೊಂದು ಸಿಕ್ಕಿದೆ ಎಂದು ಅವನು ತನ್ನ ಅಣ್ಣನಿಗೆ ಬರೆದಿದ್ದ. ಅದಕ್ಕೆ ತಾನಿರುವ ಊರಿನ ಹೆಸರನ್ನೇ ಫ್ರೆಂಚಿನಲ್ಲಿ ಇಟ್ಟ. ಆಗ ಯುರೋಪಿನ ಅರಮನೆಗಳ ಭಾಷೆ ಅದು.

1794ರಲ್ಲಿ ಫ್ರೆಂಚ್ ಸೇನೆ ಆ ಊರನ್ನು ಹಿಡಿಯಿತು. ಸೈನಿಕರು ಬಾಟಲಿಗಳನ್ನು ತಮ್ಮ ಮನೆಗಳಿಗೆ ಒಯ್ದರು. ಹಳೆಯ ‘4711’ ಎಂಬ ಕೊಲೋನಿನ ಅಂಕಿ ಕೂಡ ಆ ಆಳ್ವಿಕೆಯಲ್ಲಿ ಗ್ಲಾಕೆನ್‌ಗಾಸೆ ಬೀದಿಯ ಮನೆಗೆ ಕೊಟ್ಟ ಸಂಖ್ಯೆ. 1806ರಲ್ಲಿ ಅದೇ ಫರೀನಾ ವಂಶದ ಒಬ್ಬ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ. ಆ ಪಾಕ 1862ರಲ್ಲಿ ರೋಜೆ ಎ ಗಾಲೆ ಸಂಸ್ಥೆಯ ಕೈಸೇರಿತು. ಫ್ರಾನ್ಸಿನ ಅನೇಕ ದೊಡ್ಡ ಸುಗಂಧದ ಮನೆಗಳೂ ತಮ್ಮದೇ ಆದ ಕೊಲೋನ್ ಮಾಡಿದವು.

ಜ್ವರ ಬಂದಾಗ ಹಣೆಗೆ ಹಚ್ಚುತ್ತಿದ್ದ ಓಡಿಕೊಲೋನ್ ಇದೇನೇ?

ಹೌದು, ಅದರ ವಂಶವೇ. ‘ಓ ದ ಕೊಲೋನ್’ ಎಂಬ ಫ್ರೆಂಚ್ ಮಾತು ನಮ್ಮ ಬಾಯಲ್ಲಿ ಓಡಿಕೊಲೋನ್ ಆಯಿತು. ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಅಮೃತಾಂಜನದ ಪಕ್ಕದಲ್ಲಿ ಅದರ ಪುಟ್ಟ ಸೀಸೆ ಇರುತ್ತಿತ್ತು. ಜ್ವರ ಏರಿದ ರಾತ್ರಿ ಅಮ್ಮ ಹಿತ್ತಾಳೆ ಬಟ್ಟಲಿನ ತಣ್ಣೀರಿಗೆ ನಾಲ್ಕು ಹನಿ ಬಿಟ್ಟು, ಅಪ್ಪನ ಹಳೆಯ ಕರವಸ್ತ್ರವನ್ನು ಅದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಹಣೆಯ ಮೇಲೆ ಇಡುತ್ತಿದ್ದಳು. ಬಟ್ಟೆ ಬಿಸಿಯಾದಾಗ ಮಗುಚಿ ಹಾಕುತ್ತಿದ್ದಳು. ಆಲ್ಕೋಹಾಲ್ ಆವಿಯಾಗುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಹಣೆ ತಂಪೆನಿಸುವುದು ಅದರಿಂದ. ಅಷ್ಟರಿಂದ ಜ್ವರ ಇಳಿಯುವುದಿಲ್ಲ, ಮಕ್ಕಳಿಗೆ ಹೀಗೆ ಮಾಡಬೇಡಿ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಅದನ್ನು ಕೇಳುವುದು ಒಳ್ಳೆಯದು.

ಆದರೂ ಈ ಔಷಧಿಯ ನಂಟು ಆಕಸ್ಮಿಕವಲ್ಲ. ಹದಿನೆಂಟನೇ ಶತಮಾನದಲ್ಲಿ ಕೊಲೋನನ್ನು ಕುಡಿಯುತ್ತಿದ್ದರು, ಹಲ್ಲುನೋವಿಗೆ ಹಚ್ಚುತ್ತಿದ್ದರು, ತಲೆನೋವಿಗೆ ಮೂಸುತ್ತಿದ್ದರು. ಗುಟ್ಟಿನ ಔಷಧಿಗಳ ಪಾಕವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ನೆಪೋಲಿಯನ್ 1810ರಲ್ಲಿ ಆಜ್ಞೆ ಹೊರಡಿಸಿದ. ಕೊಲೋನ್ ಮಾಡುವವರು ತಮ್ಮ ಪಾಕ ಬಿಟ್ಟುಕೊಡಲು ಒಪ್ಪದೆ, ಇದು ಔಷಧಿಯಲ್ಲ, ಬರೀ ಸುಗಂಧ ಎಂದು ಹೇಳಿ ಮಾರತೊಡಗಿದರು. ಜನ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ. ಮ್ಯೂಗ್ಲೇರ್ ಬಾಟಲಿಯನ್ನು ಮೊದಲ ಸಲ ಮೂಸಿದಾಗ ನನಗೆ ನೆನಪಾದದ್ದು ಪ್ಯಾರಿಸ್ ಅಲ್ಲ, ಆ ನಾಲ್ಕು ಮಡಿಕೆಯ ಕರವಸ್ತ್ರ.

ಪರಿಮಳ ನಿಜವಾಗಿ ಹೇಗಿದೆ?

ಚಿಮುಕಿಸಿದ ತಕ್ಷಣ ಬರ್ಗಮಾಟ್: ನಿಂಬೆಯ ಚುರುಕು, ಅದರ ಬೆನ್ನಿಗೇ ಚಹಾ ಎಲೆಯಂಥ ಒಗರು. ಮರುಕ್ಷಣದಲ್ಲೇ ಹಸಿರು ಬರುತ್ತದೆ. ನಿಂಬೆಗಿಡದ ಎಲೆಯನ್ನು ಕಿತ್ತು ಬೆರಳುಗಳ ನಡುವೆ ಹಿಸುಕಿ ನೋಡಿ; ಹಣ್ಣಿನದಲ್ಲದ, ಕಟ್ಟಿಗೆಯದೂ ಅಲ್ಲದ ಒಂದು ಕಹಿ ಘಮ ಮೂಗಿಗೆ ಹತ್ತುತ್ತದಲ್ಲ, ಅದು. ಐದು ಹತ್ತು ನಿಮಿಷದಲ್ಲಿ ಚುರುಕು ತಗ್ಗಿ ಬಿಳಿ ಹೂವು ಅರಳುತ್ತದೆ. ಮಲ್ಲಿಗೆಯ ಅಮಲು ಇದರಲ್ಲಿಲ್ಲ. ತೋಟದಲ್ಲಿ ಹೇರಳೆಯ ಮರ ಹೂಬಿಟ್ಟಾಗ ಅದರ ಕೆಳಗೆ ನಿಂತವರಿಗೆ ಈ ತಿಳಿಗಂಪು ಗೊತ್ತು. ಆಮೇಲೆ ಉಳಿಯುವುದು ಬಿಳಿ ಕಸ್ತೂರಿ. ಬಿಸಿನೀರಿನ ಸ್ನಾನ ಮುಗಿಸಿ ಒಣ ಟವೆಲಿನಲ್ಲಿ ಮುಖ ಒರೆಸಿಕೊಂಡಂತೆ.

ಸಾಬೂನಿನ ವಾಸನೆ ಎನ್ನುತ್ತಾರಲ್ಲ, ಅದು ದೂರೇ, ಮೆಚ್ಚುಗೆಯೇ?

ನನ್ನ ಮಟ್ಟಿಗೆ ಮೆಚ್ಚುಗೆ. ಮೊರೊಕ್ಕೊದಲ್ಲಿ ಕಂಡ ಸಾಬೂನೊಂದರ ನೆನಪಿನಿಂದ ಮ್ಯೂಗ್ಲೇರ್ ಇದನ್ನು ಬಯಸಿದರು ಎಂಬ ಕಥೆ ಪ್ರಚಾರದಲ್ಲಿದೆ. ಕಥೆ ಹೇಗೇ ಇರಲಿ, ಪರಿಮಳ ಸಾಬೂನಿನ ಕಡೆಗೆ ಬೇಕೆಂದೇ ನಡೆದಿದೆ.

ಇದರ ಹಿಂದೆ ರಸಾಯನಶಾಸ್ತ್ರವಿದೆ. ಕಿತ್ತಳೆ ಹೂವಿನ ಎಣ್ಣೆಯನ್ನು, ಅದನ್ನು ಅನುಕರಿಸುವ ಪರಿಮಳಗಳನ್ನು ಬಹಳ ಹಿಂದಿನಿಂದ ಯುರೋಪಿನ ಸಾಬೂನುಗಳಿಗೆ ಹಾಕುತ್ತ ಬಂದಿದ್ದಾರೆ. ಬಿಳಿ ಕಸ್ತೂರಿಯ ಕಥೆ ಇನ್ನೂ ಸ್ವಾರಸ್ಯದ್ದು. ನಿಜವಾದ ಕಸ್ತೂರಿ ಹಿಮಾಲಯದ ಕಸ್ತೂರಿ ಮೃಗದ ಗ್ರಂಥಿಯಿಂದ ಬರುವ ವಸ್ತು. ಅದರ ವಾಸನೆ ಗಾಢ, ಪ್ರಾಣಿಯ ಮೈಯಂಥದ್ದು. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬ ರಸಾಯನಶಾಸ್ತ್ರಜ್ಞ ಸ್ಫೋಟಕಗಳ ಮೇಲೆ ಕೆಲಸ ಮಾಡುವಾಗ ಕಸ್ತೂರಿಯ ವಾಸನೆಯಿರುವ ಕೃತಕ ವಸ್ತುವೊಂದು ಸಿಕ್ಕಿತು. ಮುಂದೆ ಇಪ್ಪತ್ತನೇ ಶತಮಾನದಲ್ಲಿ ಬಂದ ಹೊಸ ಕಸ್ತೂರಿಗಳು ಹಗುರ, ಶುಭ್ರ. ಅವು ನೀರಿನಲ್ಲಿ ಸುಲಭಕ್ಕೆ ಕರಗದೆ ನೂಲಿಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಬಟ್ಟೆ ಒಗೆಯುವ ಪುಡಿ ತಯಾರಿಸುವವರು ಅವನ್ನು ಧಾರಾಳವಾಗಿ ಬಳಸಿದರು. ತಂತಿಯ ಮೇಲೆ ಒಣಗಿದ ಬಟ್ಟೆಯನ್ನು ಮಡಚುವಾಗ ಬರುವ ವಾಸನೆಯನ್ನು ನಾವು ‘ಶುಚಿ’ ಎಂದು ಕಲಿತದ್ದು ಹಾಗೆ. ಕಾಡುಪ್ರಾಣಿಯ ಮೈವಾಸನೆಯ ಹೆಸರು ಹೊತ್ತ ವಸ್ತು ಕೊನೆಗೆ ಮಡಿಬಟ್ಟೆಯ ಗುರುತಾಯಿತು. ಮೊರಿಯಾಸ್ ಮಾಡಿದ್ದು ಇಷ್ಟು: ಮುನ್ನೂರು ವರ್ಷದ ಕೊಲೋನಿನ ಅಡಿಗೆ ಈ ಕಸ್ತೂರಿಯ ತಳಪಾಯ ಹಾಕಿದರು. ಸ್ನಾನದ ಮೊದಲ ನೊರೆಯಿಂದ ಒಣಗಿದ ಬಟ್ಟೆಯವರೆಗಿನ ಪಯಣ ಒಂದೇ ಬಾಟಲಿಯಲ್ಲಿ ಬಂತು.

‘ಎಸ್’ ಎಂಬ ಗುಟ್ಟಿನ ವಸ್ತು ಏನು?

ಇದರಲ್ಲಿ ‘ಎಸ್’ ಎಂಬ ಒಂದು ಅಂಶವಿದೆ ಎಂದು ಸಂಸ್ಥೆಯವರು ಆಗ ಹೇಳಿಕೊಂಡಿದ್ದರು, ಬಿಡಿಸಿ ಹೇಳಲಿಲ್ಲ. ಅದರ ಬೆನ್ನು ಹತ್ತುವುದರಲ್ಲಿ ನನಗೆ ಆಸಕ್ತಿ ಇಲ್ಲ. ಮೂಗಿಗೆ ಸಿಗುವುದು ಕಸ್ತೂರಿಯೊಳಗೆ ಸುಳಿಯುವ ಬೆಚ್ಚಗಿನ, ಆವಿಯಂಥ ಗುಣ.

ನೇರೊಲಿ, ಪೆಟಿಗ್ರೇನ್, ಬರ್ಗಮಾಟ್: ಇವೆಲ್ಲ ಬೇರೆ ಬೇರೆ ಗಿಡಗಳೇ?

ಮೊದಲ ಎರಡು ಒಂದೇ ಮರದವು, ಕಹಿ ಕಿತ್ತಳೆಯವು. ಹೂವನ್ನು ಆವಿಯಲ್ಲಿ ಬಟ್ಟಿ ಇಳಿಸಿದರೆ ನೇರೊಲಿ. ಸುಮಾರು ಒಂದು ಟನ್ ಹೂವಿಗೆ ಒಂದು ಕಿಲೋ ಎಣ್ಣೆ ಸಿಗುತ್ತದೆ, ಹಾಗಾಗಿ ಬೆಲೆ ಹೆಚ್ಚು. ಹದಿನೇಳನೇ ಶತಮಾನದಲ್ಲಿ ಇಟಲಿಯ ನೇರೊಲಾದ ರಾಜಕುಮಾರಿ ತನ್ನ ಕೈಗವಸುಗಳಿಗೆ ಇದನ್ನು ಪೂಸಿಸುತ್ತಿದ್ದಳಂತೆ. ಹೆಸರು ಅಲ್ಲಿಂದ ಬಂತು. ಎಲೆ ಮತ್ತು ಎಳೆಯ ಕಡ್ಡಿಗಳನ್ನು ಬಟ್ಟಿ ಇಳಿಸಿದರೆ ಪೆಟಿಗ್ರೇನ್. ಈ ಮಾತಿಗೆ ‘ಪುಟ್ಟ ಕಾಳು’ ಎಂದರ್ಥ; ಹಿಂದೆ ಕಾಳಿನಷ್ಟೇ ಇರುವ ಎಳೆಗಾಯಿಗಳಿಂದ ತೆಗೆಯುತ್ತಿದ್ದರು.

ಬರ್ಗಮಾಟ್ ಬೇರೆ ಮರ. ಇಟಲಿಯ ತುತ್ತತುದಿಯ ಕಲಾಬ್ರಿಯಾ ಕರಾವಳಿಯಲ್ಲಿ ಬೆಳೆಯುತ್ತದೆ, ಎಣ್ಣೆ ಅದರ ಸಿಪ್ಪೆಯದು. ಅರ್ಲ್ ಗ್ರೇ ಚಹಾ ಕುಡಿದಿದ್ದರೆ ಅದರ ಪರಿಚಯ ನಿಮಗೆ ಆಗಲೇ ಆಗಿದೆ.

ಹತ್ತು ನಿಮಿಷದಲ್ಲಿ ಮಾಯವಾಗುತ್ತದೆ. ಇಷ್ಟು ದುಡ್ಡು ಕೊಟ್ಟು ಏನು ಪ್ರಯೋಜನ?

ಇದಕ್ಕೆ ಎರಡು ಉತ್ತರಗಳಿವೆ.

ಒಂದು, ಕೊಲೋನಿನ ಗುಣವೇ ಅದು. ನಿಂಬೆ ಜಾತಿಯ ಎಣ್ಣೆಗಳ ಅಣುಗಳು ಹಗುರ. ಗಾಳಿಗೆ ತಾಗಿದೊಡನೆ ಹಾರಿಹೋಗುತ್ತವೆ. ಗಂಧದೆಣ್ಣೆಯಂತೆ, ಲಾವಂಚದಂತೆ ಅವು ಮೈಯಲ್ಲಿ ಕೂರಲಾರವು. ಕಿತ್ತಳೆ ಸಿಪ್ಪೆ ಸುಲಿದಾಗ ಚಿಮ್ಮುವ ತುಂತುರಿನಂತೆ ಆ ಕ್ಷಣದ ಸುಖಕ್ಕಾಗಿಯೇ ಇರುವ ಪರಿಮಳ ಇದು. ಸಂಜೆಯವರೆಗೆ ಉಳಿಯಲಿಲ್ಲ ಎಂದು ಅದನ್ನು ಬೈಯುವುದು ಪಾರಿಜಾತ ಮಧ್ಯಾಹ್ನಕ್ಕೆ ಬಾಡಿತು ಎಂದು ಬೈದಂತೆ. ಬೇಕಾದಾಗ ಮತ್ತೆ ಹಾಕಿಕೊಳ್ಳುವುದೇ ಕೊಲೋನಿನ ಪದ್ಧತಿ.

ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಸ್ತೂರಿಯ ಅಣುಗಳು ದೊಡ್ಡವು, ಬೇಗ ಹಾರಿಹೋಗುವುದಿಲ್ಲ. ಆದರೆ ಕೆಲವರ ಮೂಗಿಗೆ ಕೆಲವು ಕೃತಕ ಕಸ್ತೂರಿಗಳು ತಿಳಿಯುವುದೇ ಇಲ್ಲ. ಇದು ಹುಟ್ಟಿನಿಂದ ಬರುವ ವ್ಯತ್ಯಾಸ, ಕಾಯಿಲೆಯಲ್ಲ. ಅಂಥವರಿಗೆ ಈ ಕೊಲೋನ್ ಹತ್ತು ನಿಮಿಷದ್ದು, ಪಕ್ಕದಲ್ಲಿ ಕೂತವರಿಗೆ ನಾಲ್ಕು ಗಂಟೆಯದು. ನನ್ನ ತಂಗಿ ಹೀಗೇ ‘ಹೋಯಿತು, ಹೋಯಿತು’ ಎಂದು ಮತ್ತೆ ಮತ್ತೆ ಹಾಕಿಕೊಂಡು, ಮೈಸೂರಿನವರೆಗೆ ಕಾರಿನಲ್ಲಿದ್ದ ನಾವೆಲ್ಲ ಕಿಟಕಿ ಇಳಿಸಬೇಕಾಯಿತು. ಆದ್ದರಿಂದ ಮಾಯವಾಯಿತು ಎಂದು ತೀರ್ಮಾನಿಸುವ ಮೊದಲು ಮನೆಯವರನ್ನು ಒಮ್ಮೆ ಕೇಳಿ. ಅಥವಾ ಅರ್ಧ ಗಂಟೆ ಹೊರಗೆ ತಿರುಗಾಡಿ ಬಂದು ನಿಮ್ಮ ಅಂಗಿಯ ಕೊರಳಪಟ್ಟಿಯನ್ನು ಮೂಸಿ ನೋಡಿ.

ನಮ್ಮ ಸೆಕೆಗೆ ಹೊಂದುತ್ತದೆಯೇ? ಹೇಗೆ ಹಾಕಿಕೊಳ್ಳಬೇಕು?

ಹೊಂದುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ, ಕಲಬುರಗಿಯ ಬಿರುಬಿಸಿಲಿನಲ್ಲಿ ಸಿಹಿ ಸುಗಂಧಗಳು ಮೈಮೇಲೆ ಹುಳಿತಂತೆ ಆಗುತ್ತವೆ. ಕೊಲೋನ್ ಹುಟ್ಟಿದ್ದೇ ತಂಪಿಗಾಗಿ. ಸ್ನಾನವಾದ ಮೇಲೆ, ಬೆವರು ಪೂರ್ತಿ ಆರಿದ ಮೇಲೆ ಕತ್ತಿನ ಹಿಂಭಾಗಕ್ಕೆ, ಮೊಣಕೈ ಮಡಿಕೆಗೆ, ಎದೆಗೆ ಹಾಕಿಕೊಳ್ಳಿ. ಬೆವರಿದ ಮೈಗೆ ಹಾಕಿದರೆ ಎರಡು ವಾಸನೆಗಳು ಬೆರೆತು ಕೆಡುತ್ತವೆ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುವ ಅಭ್ಯಾಸ ಬಿಡಿ. ಆ ಬಿಸಿಗೆ ಮೇಲಿನ ನಿಂಬೆಯ ಪದರ ಇನ್ನೂ ಬೇಗ ಹಾರಿಹೋಗುತ್ತದೆ.

ಹತ್ತಿಯ ಕರವಸ್ತ್ರಕ್ಕೆ ಎರಡು ಸಲ ಚಿಮುಕಿಸಿ ಜೇಬಿನಲ್ಲಿಡುವುದು ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಧಾನ. ನೂಲಿನಲ್ಲಿ ಕಸ್ತೂರಿ ಮರುದಿನದವರೆಗೂ ನಿಲ್ಲುತ್ತದೆ. ತುರ್ಕಿಯಲ್ಲಿ ಮನೆಗೆ ಬಂದವರ ಅಂಗೈಗೆ ಕೊಲೋನ್ ಸುರಿಯುವ ಪದ್ಧತಿ ಈಗಲೂ ಇದೆ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಬರಮಾಡಿಕೊಳ್ಳುವ ನಮಗೆ ಅದು ಹೊಸದೇನಲ್ಲ.

ಬಿಸಿಲಿಗೆ ಹೋದರೆ ಚರ್ಮಕ್ಕೆ ಕಲೆ ಬೀಳುತ್ತದೆಯೇ?

ಹಳೆಯ ಕಾಲದ ಕೊಲೋನುಗಳಿಂದ ಬೀಳುತ್ತಿತ್ತು. ಬರ್ಗಮಾಟ್ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ವಸ್ತು ಇರುತ್ತದೆ. ಅದು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಕಂದು ಕಲೆ ಉಳಿಯುತ್ತದೆ, ಹನಿ ಇಳಿದ ಆಕಾರದಲ್ಲಿಯೇ. ಈಗ ಹೆಚ್ಚಾಗಿ ಆ ಅಂಶವನ್ನು ತೆಗೆದ ಎಣ್ಣೆಯನ್ನೇ ಬಳಸುತ್ತಾರೆ, ಹೆಚ್ಚು ಭಯ ಬೇಡ. ಮೈ ತೀರ ಸೂಕ್ಷ್ಮವಾಗಿದ್ದರೆ ಡಬ್ಬಿಯ ಮೇಲೆ ಲಿಮೊನೀನ್, ಲಿನಲೂಲ್ ಎಂಬ ಹೆಸರುಗಳನ್ನು ಹುಡುಕಿ. ಇವು ಕೆಲವರಿಗೆ ತುರಿಕೆ ತರುತ್ತವೆ. ಕ್ಷೌರ ಮಾಡಿದ ಕೂಡಲೇ ಹಾಕಿದರೆ ಉರಿಯುತ್ತದೆ. ದ್ರವಕ್ಕೆ ಬಣ್ಣವಿರುವುದರಿಂದ ಬಿಳಿ ರೇಷ್ಮೆಗೆ, ಜರಿಗೆ ಹತ್ತಿರ ತರಬೇಡಿ.

ಬೇರೆ ಫ್ಯಾಷನ್ ಮನೆಗಳ ಕೊಲೋನುಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಎರ್ಮೆಸ್‌ನವರ ‘ಓ ದೊರಾಂಜ್ ವೆರ್ತ್’ 1979ರದು, ಮಾಡಿದವರು ಫ್ರಾಂಸ್ವಾಸ್ ಕಾರೋಂ. ಮೊದಲು ಅದಕ್ಕೆ ಬರೀ ಎರ್ಮೆಸ್ ಕೊಲೋನ್ ಎಂಬ ಹೆಸರಿತ್ತು. ಕಿತ್ತಳೆ, ಪುದೀನ, ಕೆಳಗೆ ಒದ್ದೆ ಪಾಚಿ; ಇಬ್ಬನಿ ಆರದ ಕಾಡಿನ ನೆಲದಂತೆ. ಮ್ಯೂಗ್ಲೇರ್ ಬಚ್ಚಲ ಮನೆಯಾದರೆ ಅದು ಮಲೆನಾಡಿನ ಮುಂಜಾವು. ದಿಯೊರ್‌ನ ‘ಓ ಸೊವಾಜ್’ 1966ರದು, ಎಡ್ಮಂಡ್ ರೂಡ್ನಿಟ್ಸ್ಕ ಅವರದು. ನಿಂಬೆಯ ಜೊತೆಗೆ ಹೆಡಿಯೋನ್ ಎಂಬ ಮಲ್ಲಿಗೆ ನೆರಳಿನ ವಸ್ತುವನ್ನು ಸೇರಿಸಿ ಕೊಲೋನಿಗೆ ಗಾಳಿ ಬೆಳಕು ಕೊಟ್ಟವರು ಅವರು. ಗಂಡಸರದೆಂದು ಮಾರಿದರೂ ಹೆಂಗಸರೂ ಹಾಕಿಕೊಂಡರು. ಶನೆಲ್‌ನ ಕೊಲೋನ್, ಜಾಕ್ ಪೋಲ್ಜ್ ಅವರು 2007ರಲ್ಲಿ ಮಾಡಿದ್ದು, ಹಳೆಯ ಪಾಕಕ್ಕೆ ಎಲ್ಲಕ್ಕಿಂತ ಹತ್ತಿರ.

ಒಂದನ್ನೇ ಆರಿಸು ಎಂದರೆ? ಕುಶಲತೆಗೆ ರೂಡ್ನಿಟ್ಸ್ಕ ಅವರಿಗೇ ನನ್ನ ಮತ. ದಿನನಿತ್ಯ ಕೈ ಹೋಗುವುದು ಮಾತ್ರ ಮ್ಯೂಗ್ಲೇರ್ ಬಾಟಲಿಯ ಕಡೆಗೆ.

ಈಗ ಬೇರೆ ಬೇರೆ ಬಣ್ಣದ ಬಾಟಲಿಗಳೂ ಕಾಣುತ್ತವೆ. ಯಾವುದು ಮೂಲ?

2018ರಲ್ಲಿ ಸಂಸ್ಥೆಯವರು ಇದನ್ನು ಒಂದು ಸರಣಿಯಾಗಿ ಬೆಳೆಸಿದರು. ಬೇರೆ ಬಣ್ಣ, ಬೇರೆ ಹೆಸರುಗಳ ಕೊಲೋನುಗಳು ಆಗ ಸೇರಿಕೊಂಡವು. ಹಸಿರು ದ್ರವದ್ದೇ ಮೂಲ. ಮ್ಯೂಗ್ಲೇರ್ ಸುಗಂಧಗಳು ಮೊದಲು ಕ್ಲಾರಿನ್ಸ್ ಸಂಸ್ಥೆಯ ಕೈಯಲ್ಲಿದ್ದವು, 2020ರಲ್ಲಿ ಲೊರಿಯಾಲ್ ಕೊಂಡುಕೊಂಡಿತು.

ಎಲ್ಲಿಡಬೇಕು? ಹಾಳಾಗಿದೆ ಎಂದು ತಿಳಿಯುವುದು ಹೇಗೆ?

ಕತ್ತಲಲ್ಲಿ, ತಂಪಿನಲ್ಲಿ, ಮುಚ್ಚಳ ಬಿಗಿದು. ಬಟ್ಟೆಯ ಬೀರು ಸಾಕು. ನನ್ನ ಮೊದಲ ಬಾಟಲಿಯನ್ನು ಅದರ ಹಸಿರಿನ ಚೆಲುವಿಗೆ ಮಾರುಹೋಗಿ ಪೂರ್ವದ ಕಿಟಕಿಯ ಮೇಲಿಟ್ಟಿದ್ದೆ. ಬೆಳಗಿನ ಬಿಸಿಲು ಅದರ ಮೂಲಕ ಹಾದು ಗೋಡೆಯ ಮೇಲೆ ಹಸಿರು ಚೌಕ ಬೀಳುತ್ತಿತ್ತು. ಒಂದೇ ಬೇಸಿಗೆಗೆ ಬಣ್ಣ ಪೇಲವವಾಯಿತು; ಮೂಸಿದರೆ ನಿಂಬೆಯ ಬದಲು ಹಳೆಯ ಪೇಂಟ್ ಡಬ್ಬಿಯ ವಾಸನೆ. ಬೆಳಕು, ಬಿಸಿ, ಗಾಳಿ ಸೇರಿ ಲಿಮೊನೀನನ್ನು ಕೆಡಿಸುತ್ತವೆ, ಮತ್ತು ಹಾಗೆ ಕೆಟ್ಟದ್ದೇ ಚರ್ಮಕ್ಕೆ ಹೆಚ್ಚು ತುರಿಕೆ ತರುವುದು. ಅಂಥದ್ದನ್ನು ಮೈಗೆ ಹಾಕಿಕೊಳ್ಳಬೇಡಿ.

ಗಂಡ ಹೆಂಡತಿ ಇಬ್ಬರೂ ಒಂದೇ ಬಾಟಲಿ ಬಳಸಿದರೆ ಒಂದೇ ವಾಸನೆ ಬರುವುದಿಲ್ಲವೇ?

ಮೊದಲ ಹತ್ತು ನಿಮಿಷ ಬರುತ್ತದೆ. ಆಮೇಲೆ ಬೇರೆಯಾಗುತ್ತ ಹೋಗುತ್ತದೆ. ಒಣ ಚರ್ಮದಲ್ಲಿ ನಿಂಬೆ ಬೇಗ ಹಾರಿ ಕಸ್ತೂರಿ ಬೇಗ ಮುಂದೆ ಬರುತ್ತದೆ. ಎಣ್ಣೆಯಂಶವಿರುವ ಮೈಯಲ್ಲಿ ಹಸಿರು ಎಲೆಯ ಘಮ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ನೂರು ಮಿಲಿಲೀಟರಿನ ಒಂದೇ ಬಾಟಲಿ ಕನ್ನಡಿಯ ಹಿಂದಿನ ಕಪಾಟಿನಲ್ಲಿದೆ. ನನ್ನ ಕೈಯಲ್ಲಿ ಅದು ಗಂಟೆಯೊಳಗೆ ಸಾಬೂನಾಗುತ್ತದೆ. ಅವರ ಅಂಗಿಯ ತೋಳಿನಲ್ಲಿ ಸಂಜೆಯ ಹೊತ್ತಿಗೂ ಹಿಸುಕಿದ ನಿಂಬೆ ಎಲೆಯ ಕಹಿ ಉಳಿದಿರುತ್ತದೆ.